ಬಣ್ಣದ ವೇಷವೂ ಗೊರಿಲ್ಲಾ ವೇಷವೂ

ಕುಂದಾಪುರ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ 1950ರ ದಶಕದ ಅಮೆರಿಕದ ಹಾರುವ ತಟ್ಟೆ ಸಿನಿಮಾಗಳಿಗೆ ಅಷ್ಟೊಂದು ಪುಟ ಕೊಟ್ಟಿದ್ದಿರಿ. ಓದಿ ಎರಡು ಸಿನಿಮಾ ನೋಡಿದೆ. 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್'ನಲ್ಲಿ ತಟ್ಟೆ ಕಟ್ಟಿದ ದಾರ ಕಾಣುತ್ತದೆ. 'ರೋಬಾಟ್ ಮಾನ್‌ಸ್ಟರ್'ನಲ್ಲಿ ಬೇರೆ ಗ್ರಹದಿಂದ ಬಂದವನು ಗೊರಿಲ್ಲಾ ವೇಷದಲ್ಲಿದ್ದಾನೆ. ಯಕ್ಷಗಾನದ ಬಣ್ಣದ ವೇಷ ಕಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಅದೂ ವೇಷವೇ. ಇದನ್ನು ಕಂಡರೆ ಮಾತ್ರ ನಗು ಯಾಕೆ? ಇವನ್ನು ನಗಲಿಕ್ಕೆಂದೇ ನೋಡಬೇಕಾ? ಹಾಗಾದರೆ ಪುಟ ಯಾಕೆ ದಂಡ ಮಾಡಿದಿರಿ?"

ನಮಸ್ಕಾರ. ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ನಮ್ಮ ಲೇಖನದಲ್ಲಿ ಇರಬೇಕಾಗಿದ್ದ ಪ್ರಶ್ನೆಯನ್ನು ನೀವು ಕೇಳಿದ್ದೀರಿ.

ಬಣ್ಣದ ವೇಷದಿಂದಲೇ ಶುರು ಮಾಡುತ್ತೇನೆ. ರಕ್ಕಸ ನೇರವಾಗಿ ಬಂದು ರಂಗದ ನಡುವೆ ನಿಲ್ಲುವುದಿಲ್ಲ, ಅಲ್ವಾ? ಮೊದಲು ಚೆಂಡೆ ಏರುತ್ತದೆ. ತೆರೆಯ ಹಿಂದಿನಿಂದ ಆರ್ಭಟ ಕೇಳುತ್ತದೆ. ಕಿರೀಟ ಚೂರು ಕಾಣುತ್ತದೆ, ಮತ್ತೆ ಮರೆಯಾಗುತ್ತದೆ. ಪೂರ್ತಿ ಮುಖ ಕಾಣುವ ಹೊತ್ತಿಗೆ ನಮ್ಮ ಅರ್ಧ ಭಯ ಆಗಲೇ ತಯಾರಾಗಿರುತ್ತದೆ. ವೇಷ ಎಷ್ಟು ದುಬಾರಿ ಎಂದು ಯಾರೂ ಕೇಳುವುದಿಲ್ಲ.

'ರೋಬಾಟ್ ಮಾನ್‌ಸ್ಟರ್' (1953) ಈ ತಯಾರಿಯನ್ನೇ ಮಾಡಲಿಲ್ಲ. ನಿರ್ದೇಶಕ ಫಿಲ್ ಟಕರ್ ಹತ್ತಿರ ರೋಬಾಟ್ ವೇಷ ಮಾಡಿಸಲು ದುಡ್ಡಿರಲಿಲ್ಲ. ನಟ ಜಾರ್ಜ್ ಬ್ಯಾರೋಸ್ ಹತ್ತಿರ ಸ್ವಂತ ಗೊರಿಲ್ಲಾ ವೇಷ ಇತ್ತು. ಆ ವೇಷ ಹಾಕಿಸಿ, ತಲೆಗೆ ಮುಳುಗುಗಾರರ ಶಿರಸ್ತ್ರಾಣದಂಥದ್ದು ತೊಡಿಸಿದರು. ನಾಲ್ಕೇ ದಿನದಲ್ಲಿ ಶೂಟಿಂಗ್ ಮುಗಿಯಿತು. ಇಲ್ಲಿಯವರೆಗೆ ನನಗೆ ಯಾವ ತಕರಾರೂ ಇಲ್ಲ. ಇರುವ ವೇಷದಲ್ಲೇ ಆಟ ಕಟ್ಟಬೇಕು. ತಕರಾರು ಇರುವುದು ಆಮೇಲಿನದರ ಬಗ್ಗೆ. ಆ ವೇಷಧಾರಿಯನ್ನು ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕಣಿವೆಯಲ್ಲಿ, ಸುಡು ಬಿಸಿಲಿನಲ್ಲಿ, ತಲೆಯಿಂದ ಕಾಲಿನವರೆಗೆ ತೋರಿಸಿಬಿಟ್ಟರು. ಮರೆ ಇಲ್ಲ, ನೆರಳಿಲ್ಲ, ಕಾಯಿಸುವುದಿಲ್ಲ. ಅವನು ಗುಡ್ಡ ಹತ್ತುತ್ತಾನೆ, ಇಳಿಯುತ್ತಾನೆ, ಮತ್ತೆ ಹತ್ತುತ್ತಾನೆ. ನಿಮಗೆ ನಗು ಬಂದದ್ದು ಇದಕ್ಕೇ.

ಆದರೂ ಅದರಲ್ಲಿ ಒಂದು ಮಾತು ನಿಜಕ್ಕೂ ಮನಸ್ಸಿಗೆ ನಾಟುತ್ತದೆ. ಉಳಿದಿರುವ ಮನುಷ್ಯರನ್ನೆಲ್ಲ ಕೊಲ್ಲು ಎಂದು ಮೇಲಿನವನ ಆಜ್ಞೆ. ಒಬ್ಬ ಹುಡುಗಿಯನ್ನು ಕೊಲ್ಲಲು ಇವನಿಗೆ ಮನಸ್ಸು ಬರುವುದಿಲ್ಲ. ಮಾಡಲೇಬೇಕು, ಮಾಡಲಾರೆ ಎಂದು ತನ್ನೊಳಗೇ ತೊಳಲಾಡುತ್ತಾನೆ. ಇದಕ್ಕೆ ಸಂಗೀತ ಕೊಟ್ಟವರು ಎಲ್ಮರ್ ಬರ್ನ್‌ಸ್ಟೈನ್. ಮುಂದೆ ಆಸ್ಕರ್ ಪಡೆದವರು. ಎಡಪಂಥದ ಒಲವಿನ ಕಾರಣಕ್ಕೆ ದೊಡ್ಡ ಸ್ಟುಡಿಯೋಗಳ ಬಾಗಿಲು ಆಗ ಅವರಿಗೆ ಮುಚ್ಚಿತ್ತು. ಸಿಕ್ಕಿದ್ದು ಈ ಸಣ್ಣ ಕೆಲಸ. ಅದನ್ನು ಸಣ್ಣದೆಂದು ಅವರು ಭಾವಿಸಲಿಲ್ಲ. ಕಣ್ಣು ಮುಚ್ಚಿ ಕೇಳಿದರೆ ಗೊತ್ತಾಗುತ್ತದೆ.

ಈಗ ಇದರ ಪಕ್ಕ ಎಡ್ಗರ್ ಉಲ್ಮರ್ ಅವರ 'ದಿ ಮ್ಯಾನ್ ಫ್ರಮ್ ಪ್ಲಾನೆಟ್ ಎಕ್ಸ್' (1951) ಇಡಿ. ಅದಕ್ಕೂ ದುಡ್ಡಿರಲಿಲ್ಲ. ಆರು ದಿನದ ಶೂಟಿಂಗ್. 1948ರ 'ಜೋನ್ ಆಫ್ ಆರ್ಕ್' ಎಂಬ ದೊಡ್ಡ ಸಿನಿಮಾಕ್ಕೆ ಹಾಕಿದ್ದ ಸೆಟ್ ಸ್ಟುಡಿಯೋದಲ್ಲಿ ಹಾಗೇ ಉಳಿದಿತ್ತು. ಅದನ್ನೇ ಉಲ್ಮರ್ ಸ್ಕಾಟ್ಲೆಂಡಿನ ಹಳೆಯ ಕೋಟೆ ಮಾಡಿಕೊಂಡರು. ಸುತ್ತ ಮಂಜು ತುಂಬಿಸಿದರು. ಸೆಟ್ ಎಲ್ಲಿ ಮುಗಿಯುತ್ತದೆ ಎಂದು ಆ ಮಂಜಿನಲ್ಲಿ ಗೊತ್ತೇ ಆಗುವುದಿಲ್ಲ. ಕೊರತೆ ಮುಚ್ಚಲು ಹಾಕಿದ ಮಂಜು ಕೊನೆಗೆ ಸಿನಿಮಾದ ಜೀವವೇ ಆಗಿಬಿಟ್ಟಿತು. ನಾಯಕಿ ಒಬ್ಬಳೇ ರಾತ್ರಿ ಬಯಲಿಗೆ ಹೋಗುತ್ತಾಳೆ. ವಿಚಿತ್ರ ನೌಕೆಯ ಗಾಜಿನ ಕಿಂಡಿಯಲ್ಲಿ ಇಣುಕುತ್ತಾಳೆ. ಒಳಗಿನಿಂದ ಒಂದು ಮುಖ ಅವಳನ್ನೇ ನೋಡುತ್ತದೆ. ಕದಲದ, ಭಾವ ಇಲ್ಲದ ಮುಖ. ಅದೂ ಅಗ್ಗದ ಮುಖವಾಡವೇ. ನಿಮಗೆ ಬೇಕಾದ ಚೆಂಡೆ, ತೆರೆ ಎಲ್ಲ ಇಲ್ಲಿವೆ ಸ್ವಾಮಿ!

ಈ ಸಿನಿಮಾದ ಕಥೆಯೂ ನನಗೆ ಬಹಳ ಇಷ್ಟ. ಬಂದವನು ತಣ್ಣಗಾಗಿ ಸಾಯುತ್ತಿರುವ ಗ್ರಹದವನು. ಅವನಿಗೆ ನಮ್ಮ ಗಾಳಿ ಆಗದು, ಬೆನ್ನಿನ ಮೇಲಿನ ಸಿಲಿಂಡರಿನಿಂದಲೇ ಉಸಿರಾಡಬೇಕು. ಅವನ ಉಸಿರು ಕಟ್ಟಿದಾಗ ಒಬ್ಬ ಮನುಷ್ಯ ವಾಲ್ವ್ ತಿರುಗಿಸಿ ಕಾಪಾಡುತ್ತಾನೆ. ಇನ್ನೊಬ್ಬ ಅದೇ ವಾಲ್ವ್ ಮುಚ್ಚಿ ಹಿಂಸೆ ಕೊಟ್ಟು ಅವನ ಲೋಹದ ಗುಟ್ಟು ಕಕ್ಕಿಸಲು ನೋಡುತ್ತಾನೆ. ಆಮೇಲೆ ಶುರುವಾಗುವುದು ದಾಳಿ. ಲಕ್ಷಾಂತರ ಡಾಲರ್ ಸುರಿದು ಊರಿಗೆ ಊರೇ ಸುಟ್ಟು ತೋರಿಸುವ ಸಿನಿಮಾಗಳಲ್ಲಿ ಇಂಥ ಒಂದು ವಾಲ್ವ್ ಸಿಗುವುದು ಅಪರೂಪ.

ಇಷ್ಟು ಸಿನಿಮಾ ಆಗ ಯಾಕೆ ಬಂದವು ಎಂಬುದನ್ನೂ ಹೇಳಬೇಕು. 1947ರ ಜೂನ್‌ನಲ್ಲಿ ಕೆನೆತ್ ಅರ್ನಾಲ್ಡ್ ಎಂಬ ಪೈಲಟ್ ವಾಷಿಂಗ್ಟನ್ ರಾಜ್ಯದ ಬೆಟ್ಟಗಳ ಬಳಿ ಒಂಬತ್ತು ವಸ್ತುಗಳು ಹಾರಿದ್ದನ್ನು ಕಂಡೆ ಎಂದ. ಪತ್ರಿಕೆಗಳು ಅದಕ್ಕೆ ಹಾರುವ ತಟ್ಟೆ ಎಂದು ಹೆಸರಿಟ್ಟವು. ಮುಂದಿನ ವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ದೊಡ್ಡ ಸ್ಟುಡಿಯೋಗಳಿಗೆ ಥಿಯೇಟರ್‌ಗಳ ಮೇಲಿದ್ದ ಹಿಡಿತವನ್ನು ಮುರಿಯಿತು. ಮನೆಗಳಿಗೆ ಟಿವಿ ಬಂತು. ಕಾರಿನಲ್ಲೇ ಕೂತು ನೋಡುವ ಡ್ರೈವ್-ಇನ್‌ಗಳು ಹೆಚ್ಚಾದವು. ಅಲ್ಲಿ ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ಬೇಕು. ಅದನ್ನು ತುಂಬಿಸಲು ಸಣ್ಣ ಕಂಪನಿಗಳು ಹುಟ್ಟಿದವು. ಮೊದಲು ಹೆಸರು, ಪೋಸ್ಟರ್ ತಯಾರು ಮಾಡಿ, ಆಮೇಲೆ ಕಥೆ ಬರೆಸಿದ್ದೂ ಉಂಟು. ಪೋಸ್ಟರ್‌ನ ಭೂತ ತೆರೆಯ ಮೇಲೆ ಯಾಕಿಲ್ಲ ಎಂಬುದಕ್ಕೆ ಇದೇ ಕಾರಣ.

ಈ ಅವಸರದಲ್ಲೂ ದುಡಿದವರನ್ನು ನೋಡಿ. 'ಅರ್ಥ್ ವರ್ಸಸ್ ದಿ ಫ್ಲೈಯಿಂಗ್ ಸಾಸರ್ಸ್' (1956) ಚಿತ್ರದಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಕಟ್ಟಡಗಳು ಕುಸಿಯುತ್ತವೆ. ಪುಟ್ಟ ಮಾದರಿ ಕಟ್ಟಡಗಳ ಕುಸಿತವನ್ನು ನಿಧಾನವಾಗಿ ತೋರಿಸಲು ಅತಿ ವೇಗದ ಕ್ಯಾಮೆರಾ ಬೇಕು, ಅದನ್ನು ಬಳಸುವಷ್ಟು ದುಡ್ಡಿರಲಿಲ್ಲ. ಚಿತ್ರದ ವಿಶೇಷ ದೃಶ್ಯಗಳನ್ನು ಮಾಡಿದ ರೇ ಹ್ಯಾರಿಹೌಸೆನ್ ಬೀಳುವ ಚೂರುಗಳನ್ನು ತಂತಿಯಲ್ಲಿ ತೂಗುಹಾಕಿ, ಒಂದೊಂದು ಫ್ರೇಮಿಗೂ ಚೂರು ಚೂರೇ ಕೆಳಗಿಳಿಸಿ ಚಿತ್ರಿಸಿದರು. ಆ ಕುಸಿತ ನೋಡುವಾಗ ನನಗೆ ಅವರ ಬೆರಳುಗಳೇ ನೆನಪಾಗುತ್ತವೆ. 'ಟಾರ್ಗೆಟ್ ಅರ್ಥ್' (1954) ತಂಡಕ್ಕೆ ಇದ್ದದ್ದು ಒಂದೇ ಒಂದು ರೋಬಾಟ್. ಆದರೆ ಬೆಳಬೆಳಗ್ಗೆ ಹೋಗಿ ತೆಗೆದ ಖಾಲಿ ಬೀದಿಗಳು ಅದಕ್ಕಿಂತ ಜಾಸ್ತಿ ಹೆದರಿಸುತ್ತವೆ.

ಇನ್ನು ಕುಂದು. ದಾರ ಕಂಡದ್ದು ದೊಡ್ಡ ಕುಂದೇನಲ್ಲ. ಮಾತಿನ ಹೊರೆಯೇ ದೊಡ್ಡದು. ತೋರಿಸಲು ಏನೂ ಇಲ್ಲದಾಗ ಒಬ್ಬ ಪ್ರೊಫೆಸರ್, ಒಬ್ಬ ಜನರಲ್ ಕೂತು ಮಾತಾಡುತ್ತಲೇ ಇರುತ್ತಾರೆ. ನಡುವೆ ಸೈನ್ಯದ ಹಳೆಯ ರೀಲು ಅಂಟಿಸುತ್ತಾರೆ. ಹೆಂಗಸು ವಿಜ್ಞಾನಿಯಾದರೂ ಕಾಫಿ ತರುವುದು ಅವಳೇ. ಹೊರಗಿನಿಂದ ಬಂದವನೆಲ್ಲ ಶತ್ರು, ಅವನಿಗೆ ಬಾಂಬೇ ಉತ್ತರ ಎಂಬುದು ಎಷ್ಟೋ ಚಿತ್ರಗಳ ಕೊನೆ. ಇದಕ್ಕೆ ಬಜೆಟ್ ಕಾರಣವಲ್ಲ. ಇದನ್ನು ನಾನು ಕ್ಷಮಿಸುವುದಿಲ್ಲ. ಬೇರೆ ದಾರಿ ಇತ್ತು ಎನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. 1963ರ ತಮಿಳಿನ 'ಕಲೈ ಅರಸಿ'ಯಲ್ಲಿ ಬೇರೆ ಗ್ರಹದವರು ಬರುವುದು ಸಂಗೀತ ಕಲಿಸುವವರನ್ನು ಹುಡುಕಿಕೊಂಡು! ಹೊತ್ತುಕೊಂಡು ಹೋಗುವುದು ತಪ್ಪೇ, ಆದರೆ ಅವರಿಗೆ ಬೇಕಾದದ್ದು ನಮ್ಮ ಊರಲ್ಲ, ನಮ್ಮ ಹಾಡು.

'ಪ್ಲಾನ್ 9' ಬಗ್ಗೆ ಎರಡು ಮಾತು. 1980ರಲ್ಲಿ ಬಂದ ಒಂದು ಪುಸ್ತಕ ಅದಕ್ಕೆ ಅತಿ ಕೆಟ್ಟ ಸಿನಿಮಾ ಎಂಬ ಪಟ್ಟ ಕಟ್ಟಿತು. ಅಲ್ಲಿಂದ ಅದನ್ನು ನಗಲೆಂದೇ ನೋಡುವುದು ರೂಢಿಯಾಯಿತು. ನಿರ್ದೇಶಕ ಎಡ್ ವುಡ್‌ಗೆ ನಟ ಬೆಲಾ ಲುಗೋಸಿ ಮೇಲೆ ಅಪಾರ ಪ್ರೀತಿ. ಲುಗೋಸಿ 1956ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರು ಕಾಣಿಸುವ ಕೆಲವೇ ನಿಮಿಷಗಳ ರೀಲು ಉಳಿದಿತ್ತು. ವುಡ್ ಅದರ ಸುತ್ತ ಇಡೀ ಸಿನಿಮಾ ಕಟ್ಟಿದರು. ಉಳಿದ ದೃಶ್ಯಗಳಲ್ಲಿ ಬೇರೊಬ್ಬರು ಮುಖಕ್ಕೆ ನಿಲುವಂಗಿ ಅಡ್ಡ ಹಿಡಿದು ನಡೆದರು. ಸಿನಿಮಾ ಕೆಟ್ಟದಾಗಿಯೇ ಇದೆ, ನಾನು ಒಪ್ಪುತ್ತೇನೆ. ಹಗಲು ರಾತ್ರಿ ಒಂದೇ ದೃಶ್ಯದಲ್ಲಿ ಅದಲುಬದಲಾಗುತ್ತವೆ. ಆದರೆ ಅಣುಬಾಂಬ್, ಹೈಡ್ರೋಜನ್ ಬಾಂಬ್ ಮಾಡಿದ ನೀವು ಇನ್ನೂ ದೊಡ್ಡದನ್ನು ಮಾಡಿ ಎಲ್ಲರನ್ನೂ ಸುಡುತ್ತೀರಿ ಎಂದು ಅದರಲ್ಲಿ ಬಂದವರು ಮನುಷ್ಯರಿಗೆ ಬೈಯುತ್ತಾರಲ್ಲ, ಆ ಬೈಗುಳ ಸುಮ್ನೆ ಬರೆದದ್ದಲ್ಲ. ಆ ಕಾಲದ ಜನರ ಎದೆಯಲ್ಲಿದ್ದ ಭಯ ಅದು.

ಹಾಗಾಗಿ ನಗು ಬಂದರೆ ನಗಿ, ತಡೆಯಬೇಡಿ. ನಗಲೆಂದೇ ಮಾತ್ರ ಕೂರಬೇಡಿ. ಹಾಗೆ ಕೂತವರಿಗೆ ಆ ಕಿಟಕಿಯ ಮುಖ, ಆ ಖಾಲಿ ಬೀದಿ ಕಾಣುವುದೇ ಇಲ್ಲ. ಪುಟ ಕೊಟ್ಟದ್ದು ಅವಕ್ಕಾಗಿ.

ಇನ್ನೊಮ್ಮೆ ಪ್ರಯತ್ನಿಸುವುದಾದರೆ 'ಪ್ಲಾನೆಟ್ ಎಕ್ಸ್' ಮೊದಲು ನೋಡಿ. ಒಂದು ಗಂಟೆ ಹತ್ತು ನಿಮಿಷದ ಸಿನಿಮಾ ಅಷ್ಟೇ. ಆಮೇಲೆ ಡಾನ್ ಸೀಗಲ್ ಅವರ 'ಇನ್ವೇಶನ್ ಆಫ್ ದಿ ಬಾಡಿ ಸ್ನ್ಯಾಚರ್ಸ್' (1956). ಅದರಲ್ಲಿ ತಟ್ಟೆಯೂ ಇಲ್ಲ, ಭೂತದ ವೇಷವೂ ಇಲ್ಲ. ಮನೆಯವರೇ ಮನೆಯವರಂತೆ ಇರುವುದಿಲ್ಲ, ಅಷ್ಟೇ. ಒಂದು ಉಪಾಯ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಶುರುವಾಗುವ ಮೊದಲ ದೃಶ್ಯ, ಕೊನೆಯ ದೃಶ್ಯ ಎರಡೂ ಕಂಪನಿಯ ಒತ್ತಾಯಕ್ಕೆ ಸೇರಿಸಿದವು. ಸೀಗಲ್‌ಗೆ ಅವು ಬೇಡವಾಗಿದ್ದವು. ಮೊದಲನೆಯದನ್ನು ಹಾರಿಸಿ. ನಾಯಕ ಹೆದ್ದಾರಿಯಲ್ಲಿ ವಾಹನಗಳ ನಡುವೆ ನಿಂತು ಕೂಗುವಲ್ಲಿಗೆ ನಿಲ್ಲಿಸಿ. ಕಂಪನಿ ಸೇರಿಸಿದ್ದನ್ನು ಮಾರನೆಯ ದಿನ ನೋಡಿ, ಯಾವುದು ಸರಿ ಎನ್ನಿಸಿತು ಎಂದು ಬರೆಯಿರಿ.

– ಸಂಪಾದಕ