ಹತ್ತು ನಿಮಿಷಕ್ಕ ನಿಲ್ಲೋ ಬೋಟ್ ಜನರೇಟರ್: ಮೊದಲ ನೀರು ನೋಡ್ರಿ

ಆಲಮಟ್ಟಿ ಹಿನ್ನೀರಿನ್ಯಾಗ ನಿಮ್ಮ ಬೋಟಿನ ಪೆಟ್ರೋಲ್ ಜನರೇಟರ್ ಹತ್ತು ನಿಮಿಷಕ್ಕ ಬಂದ್ ಆಗಿ, ಆರಿದ ಮ್ಯಾಲ ಮತ್ತ ಚಾಲೂ ಆಗತೈತಿ ಅಂದ್ರಿ. ಈಗ ಕಾರ್ಬುರೇಟರ್ ಬಿಚ್ಚಬ್ಯಾಡ್ರಿ ಸರ್. ಹೆಂಗ ನಿಲ್ಲತೈತಿ ಗಮನಿಸ್ರಿ. ಸ್ವಿಚ್ ಆರಿಸಿದಂಗ ಒಮ್ಮೆಲೇ ನಿಂತ್ರ ಬಹಳ ಸಲ ಬಿಸಿ ಅಥವಾ ಆಯಿಲ್ ಸೆನ್ಸರ್ ಇಂಜಿನ್ ನಿಲ್ಲಿಸಿರತೈತಿ. ಏರಿಳಿದು, ಕೆಮ್ಮಿಕೋತ ನಿಂತ್ರ ಪೆಟ್ರೋಲ್ ಸಾಲವಲ್ದು; ಟ್ಯಾಂಕಿನ ಗಾಳಿ ತೂತು, ಫಿಲ್ಟರ್ ನೋಡ್ರಿ.

ನನ್ನ ಸಂಶಯ ಇಂಜಿನ್ ತಂಪು ಮಾಡೋ ನೀರಿನ ಮ್ಯಾಲ. ಓಡುವಾಗ ಹೊಗಿ ಪೈಪಿನಿಂದ ನೀರು ಜೋರಾಗಿ ಬೀಳತೈತೇನು? ಕಡಿಮಿ ಇದ್ರ ಇಂಜಿನ್ ನಿಲ್ಲಿಸಿ, ಹೊರಗಿನ ನೀರು ಒಳಗ ಬರೋ ಕೆಳಗಿನ ವಾಲ್ವ್ ಬಂದ್ ಮಾಡಿ, ಸ್ಟ್ರೇನರ್ (ನೀರು ಸೋಸೋ ಜಾಳಿಗಿ) ತೊಳೀರಿ. ಮಳಿಗಾಲದಾಗ ಕೃಷ್ಣಾ ನೀರಿನ ರಾಡಿ, ಜೊಂಡು ಅದರಾಗ ತುಂಬತೈತಿ. ಅದು ಸ್ವಚ್ಛ ಇದ್ರ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳೋ ರೆಕ್ಕಿ ಚಕ್ರ) ತಗದು ನೋಡ್ರಿ. ರೆಕ್ಕಿ ಮುರದಿದ್ರ ಆ ತುಂಡು ಹುಡುಕಲೇಬೇಕು, ಇಲ್ಲಾಂದ್ರ ಮುಂದ ಹೋಗಿ ನೀರಿನ ದಾರಿ ಕಟ್ಟತೈತಿ. ವಾಲ್ವ್ ಮತ್ತ ತಗದs ಚಾಲೂ ಮಾಡ್ರಿ.

ಒಂದು ಮಾತು ಕೈಮುಗದು ಹೇಳತೀನಿ: ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಾಗ ಕೂಡತೈತಿ. ಬ್ಲೋವರ್ (ಆ ಆವಿ ಹೊರಗ ಹಾಕೋ ಫ್ಯಾನ್) ಕನಿಷ್ಠ 4 ನಿಮಿಷ ಓಡಿಸಿ, ವಾಸನಿ ಇಲ್ಲಂತ ಖಾತ್ರಿ ಆದ ಮ್ಯಾಲನs ಸ್ಟಾರ್ಟ್ ಮಾಡ್ರಿ. ನೀರು ಹೆಂಗ ಬೀಳತೈತಿ ನೋಡಿ ತಿಳಸ್ರಿ.