ಎಂಬಿಎ ಮುಗಿಸಿ ಹುಬ್ಬಳ್ಳಿಯಿಂದ ಪುಣೆಗೆ ಬಂದರೂ ಇಂಟರ್‌ವ್ಯೂ ಕರೆಯೇ ಬರುತ್ತಿಲ್ಲ, ಯಾಕೆ?

ಡಿಗ್ರಿ ಸಾಲದು ಅಂತಲ್ಲ. ಪುಣೆಯಲ್ಲಿ ಎಂಬಿಎ ಕಾಲೇಜುಗಳೇ ಜಾಸ್ತಿ. ಹೊಸಬರನ್ನು ದೊಡ್ಡ ಕಂಪನಿಗಳು ಹೆಚ್ಚಾಗಿ ಕ್ಯಾಂಪಸ್‌ನಲ್ಲೇ ಆರಿಸಿಕೊಳ್ಳುತ್ತವೆ. ಹೊರಗಿನಿಂದ ಅರ್ಜಿ ಹಾಕಿದವರಲ್ಲಿ ಡಿಗ್ರಿಗಿಂತ ಹೆಚ್ಚಾಗಿ ಈವರೆಗೆ ಮಾಡಿದ ಕೆಲಸ ನೋಡುತ್ತಾರೆ.

ನೌಕ್ರಿ, ಲಿಂಕ್ಡ್‌ಇನ್‌ನಂಥ ಕೆಲಸ ಹುಡುಕುವ ವೆಬ್‌ಸೈಟ್‌ಗಳಲ್ಲಿ ರಿಕ್ರೂಟರ್‌ಗಳು ಕೀವರ್ಡ್, ಅನುಭವ, ಊರು ಹಾಕಿ ಹುಡುಕುತ್ತಾರೆ. ನಿಮ್ಮ ಪ್ರೊಫೈಲ್‌ನಲ್ಲಿ ಇನ್ನೂ ಹುಬ್ಬಳ್ಳಿ ಅಂತಲೇ ಇದ್ದರೆ ಪುಣೆಯವರ ಕಣ್ಣಿಗೆ ಬೀಳುವುದೇ ಕಷ್ಟ. ಮೊದಲು ಅದನ್ನು ಬದಲಿಸಿ. ಸುಮ್ನೆ ‘ಎಂಬಿಎ ಫೈನಾನ್ಸ್’ ಅಂತ ಬರೆದು ಬಿಡಬೇಡಿ. ಜಿಎಸ್‌ಟಿ ರಿಟರ್ನ್, ಎಸ್‌ಎಪಿ (ಕಂಪನಿಗಳ ಲೆಕ್ಕಪತ್ರಕ್ಕೆ ಬಳಸುವ ಸಾಫ್ಟ್‌ವೇರ್), ಎಕ್ಸೆಲ್, ಏನು ಗೊತ್ತಿದೆಯೋ ಅದರ ಹೆಸರನ್ನೇ ಹಾಕಿ. ಚಾಕಣದ ವಾಹನ ಕಾರ್ಖಾನೆಗೂ ಹಿಂಜೇವಾಡಿಯ ಐಟಿ ಕಂಪನಿಗೂ ಒಂದೇ ರೆಸ್ಯುಮೆ ನಡೆಯುವುದಿಲ್ಲ.

ರೆಫರಲ್, ಅಂದ್ರೆ ಕಂಪನಿಯಲ್ಲಿ ಈಗಾಗಲೇ ಇರುವವರ ಶಿಫಾರಸು, ಕೇಳಲು ನಾಚಿಕೆ ಬೇಡ. ಪಿಂಪ್ರಿ-ಚಿಂಚ್‌ವಾಡದ ಕಂಪನಿಗಳಲ್ಲಿ ನಮ್ಮ ಕಡೆಯವರು ಬೇಕಾದಷ್ಟು ಜನ ಇದ್ದಾರೆ, ಅಲ್ವಾ?