332 ಬರಲಿಲ್ಲವೆಂದು ರೀಡಿಂಗ್ ತಿದ್ದಬೇಡಿ

ಪ್ರಶ್ನೆ: ಎಫ್‌ಎಂ ರೇಡಿಯೊದ ಅಲೆಯೂ ಶಬ್ದದ ಅಲೆಯೇ ತಾನೆ? (ಗಂಗಾವತಿ)

ಅಲ್ಲ. ಅದು ವಿದ್ಯುತ್ಕಾಂತೀಯ ಅಲೆ. ಗಾಳಿಯ ಹಂಗಿಲ್ಲ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಶಬ್ದ ಹುಟ್ಟುವುದು ನಿಮ್ಮ ಸೆಟ್ಟಿನ ಸ್ಪೀಕರಿನಲ್ಲಿ.

ಪ್ರಶ್ನೆ: ರೆಸೊನೆನ್ಸ್ ಟ್ಯೂಬ್ ಪ್ರಯೋಗದಲ್ಲಿ (ನಳಿಕೆಯ ಬಾಯಿಗೆ ಟ್ಯೂನಿಂಗ್ ಫೋರ್ಕ್ ಹಿಡಿದು, ಒಳಗಿನ ನೀರನ್ನು ಏರಿಳಿಸಿ, ಸದ್ದು ಜೋರಾಗುವ ಮಟ್ಟದಿಂದ ಗಾಳಿಯಲ್ಲಿ ಶಬ್ದದ ವೇಗ ಅಳೆಯುವುದು) 512 ಹರ್ಟ್ಸ್ ಫೋರ್ಕಿಗೆ ನೀರಿನ ಮೇಲಿನ ಗಾಳಿಯ ಉದ್ದ ಮೊದಲ ಸಲ 16.4, ಎರಡನೇ ಸಲ 51.0 ಸೆಂ.ಮೀ. ಬಂತು. ವೇಗ ಸೆಕೆಂಡಿಗೆ 354 ಮೀಟರ್ ಆಗುತ್ತದೆ, ಪುಸ್ತಕದಲ್ಲಿ 332 ಇದೆ. ಗೆಳತಿ ಮೊದಲ ರೀಡಿಂಗ್ ಒಂದರಿಂದಲೇ 336 ತಂದಳು. ಲ್ಯಾಬಿನಲ್ಲಿ 38 ಡಿಗ್ರಿ ಇತ್ತು. ನನ್ನದೆಲ್ಲಿ ತಪ್ಪು? (ಪಿಯುಸಿ ವಿದ್ಯಾರ್ಥಿನಿ, ರಾಯಚೂರು)

ನಿಮ್ಮದು ಸರಿ, ಗೆಳತಿಯದು ತಪ್ಪು. ಪ್ರತಿ ವರ್ಷ ಎಷ್ಟೋ ಮಕ್ಕಳು ಒಳ್ಳೆಯ ರೀಡಿಂಗನ್ನು ಅಳಿಸಿ ಪುಸ್ತಕದ ಅಂಕಿಗೆ ಹೊಂದಿಸಿ ಬರೆಯುತ್ತಾರೆ, ಸಂಕಟವಾಗುತ್ತದೆ. 332 ಎಂಬುದು ಸೊನ್ನೆ ಡಿಗ್ರಿಯ ಗಾಳಿಯದು. ಡಿಗ್ರಿಗೆ 0.6 ಮೀಟರಿನಂತೆ ವೇಗ ಏರುತ್ತದೆ. ರಾಯಚೂರಿನ ಬಿಸಿಲಲ್ಲಿ 354 ಬರಲೇಬೇಕು.

ಗೆಳತಿಯ ಲೆಕ್ಕ ನೋಡಿ, ಮೊದಲ ರೀಡಿಂಗ್ ಅಲೆಯುದ್ದದ ಕಾಲು ಭಾಗ ಎಂದುಕೊಂಡಳು: 4 × 512 × 0.164 = 336. ಪುಸ್ತಕದ ಹತ್ತಿರವೇ ಇದೆ, ಅದೇ ಮೋಸ. ಅಲೆ ನಳಿಕೆಯ ಬಾಯಿಗೆ ಸರಿಯಾಗಿ ನಿಲ್ಲುವುದಿಲ್ಲ, ವ್ಯಾಸದ ಸುಮಾರು 0.3 ಪಟ್ಟು ಹೊರಗೆ ಚಾಚುತ್ತದೆ. 3 ಸೆಂ.ಮೀ. ನಳಿಕೆಗೆ ಇದು 0.9 ಸೆಂ.ಮೀ. ಈ ಎಂಡ್ ಕರೆಕ್ಷನ್ ಬಿಟ್ಟದ್ದರಿಂದ ವೇಗ ಇಳಿಯಿತು, ಸೆಕೆ ಏರಿಸಿದ್ದು ಅದರಲ್ಲಿ ಮುಚ್ಚಿಹೋಯಿತು. ನೀವು ಎರಡನೆಯದರಿಂದ ಮೊದಲ ರೀಡಿಂಗ್ ಕಳೆದಿರಿ, ಚಾಚಿದ ಭಾಗ ತಾನಾಗಿ ಹೋಯಿತು, ಉಳಿದದ್ದು ಅರ್ಧ ಅಲೆಯುದ್ದ: 2 × 512 × 0.346 = 354.3. ಇದನ್ನು 273/311ರ (ಸೊನ್ನೆ ಮತ್ತು 38 ಡಿಗ್ರಿ, ಕೆಲ್ವಿನ್‌ನಲ್ಲಿ) ವರ್ಗಮೂಲದಿಂದ ಗುಣಿಸಿ ಸೊನ್ನೆ ಡಿಗ್ರಿಗೆ ಇಳಿಸಿ, 332 ಬರುತ್ತದೆ. ಗೆಳತಿಯ 336 ಅನ್ನೂ ಹಾಗೇ ಇಳಿಸಿದರೆ 315.  ರೆಕಾರ್ಡಿನಲ್ಲಿ ತಾಪಮಾನ ಬರೆಯದ ಉತ್ತರಕ್ಕೆ ಬೆಲೆಯಿಲ್ಲ.

ತಾಪಮಾನವನ್ನು ಗೋಡೆಯ ಮೇಲಿಂದ ಓದಬೇಡಿ. ಥರ್ಮಾಮೀಟರಿಗೆ ದಾರ ಕಟ್ಟಿ ನಳಿಕೆಯೊಳಗೆ ಇಳಿಬಿಡಿ. ತಣ್ಣನೆಯ ನೀರು ಸುರಿದು ಒಳಗಿನ ಗಾಳಿ ಹತ್ತು ಡಿಗ್ರಿ ತಣ್ಣಗಾದರೆ 6 ಮೀಟರ್ ಹೋಯಿತು. ನೀರನ್ನು ಮೊದಲೇ ತುಂಬಿ ಲ್ಯಾಬಿನಲ್ಲೇ ಇಟ್ಟಿರಿ. ಫೋರ್ಕನ್ನು ಬೆಂಚಿಗೆ ಬಡಿಯುವುದು ಕೆಟ್ಟ ಅಭ್ಯಾಸ: ಕಿರಿಚುವ ಮೇಲಿನ ಸ್ವರವೂ ಏಳುತ್ತದೆ, ನಿಮ್ಮ ಕಿವಿ ತಪ್ಪು ಜಾಗದಲ್ಲಿ ನಿಲ್ಲುತ್ತದೆ. ರಬ್ಬರ್ ಪ್ಯಾಡಿಗೆ ತಟ್ಟಿ, ಎರಡು ಕಾಲೂ ಒಂದರ ಮೇಲೊಂದು ಬರುವಂತೆ ಅಡ್ಡ ಹಿಡಿದು, ಬಾಯಿಗಿಂತ ಒಂದು ಸೆಂ.ಮೀ. ಮೇಲಿಡಿ, ಗಾಜಿಗೆ ತಾಗಬಾರದು. ಫ್ಯಾನ್ ಆರಿಸಿ. ಸದ್ದು ತುಂಬಿಕೊಂಡ ಮಟ್ಟವನ್ನು ನೀರು ಇಳಿಸುತ್ತ ಒಮ್ಮೆ, ಏರಿಸುತ್ತ ಒಮ್ಮೆ ಗುರುತಿಸಿ ಸರಾಸರಿ ತೆಗೆಯಿರಿ. ಅಂತರದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ವೇಗದಲ್ಲಿ ಒಂದು ಮೀಟರ್ ತಪ್ಪುತ್ತದೆ.

ಪ್ರಶ್ನೆ: ಗಣಿಯಲ್ಲಿ ಬ್ಲಾಸ್ಟ್ ಮಾಡಿದಾಗ ಮೊದಲು ನೆಲ ಅದುರಿ ಆಮೇಲೆ ಸದ್ದು ಬರುವುದೇಕೆ? (ಸಂಡೂರು)

ಗಟ್ಟಿ ಬಂಡೆಯಲ್ಲಿ ಕಂಪನ ಸೆಕೆಂಡಿಗೆ ಹಲವು ಸಾವಿರ ಮೀಟರ್ ಓಡುತ್ತದೆ, ಗಾಳಿಯಲ್ಲಿ ಸುಮಾರು 350.

ಪ್ರಶ್ನೆ: ಮೊಬೈಲಿಗೆ ರೇಡಿಯೇಷನ್ ತಡೆಯುವ ಸ್ಟಿಕ್ಕರ್ ಅಂಟಿಸಬೇಕೇ? (ಸಿರುಗುಪ್ಪ)

ಒಂದು ರೂಪಾಯಿಯನ್ನೂ ಕೊಡಬೇಡಿ. ಅದು ನಿಜಕ್ಕೂ ಅಲೆ ತಡೆದರೆ ಟವರ್ ಮುಟ್ಟಲು ಫೋನು ಇನ್ನಷ್ಟು ಶಕ್ತಿ ಹೊರಸೂಸುತ್ತದೆ; ತಡೆಯದಿದ್ದರೆ ಬರೀ ಕಾಗದ. ವಿಜ್ಞಾನದ ಹೆಸರು ಹೇಳಿ ಇದನ್ನು ಮಾರುವವರು ಜನರನ್ನು ವಂಚಿಸುತ್ತಿದ್ದಾರೆ. ಭಯವಿದ್ದರೆ ಇಯರ್‌ಫೋನ್ ಹಾಕಿಕೊಂಡು ಮಾತಾಡಿ: ಫೋನು ತಲೆಯಿಂದ ದೂರ ಹೋದಂತೆ ಅಲೆಯ ತೀವ್ರತೆ ಬೇಗನೆ ಇಳಿಯುತ್ತದೆ.